ಕಾಶಮ್ಮನ ಹೆಸರಿನ ಕಪ್ಪೆ

ಯಾತ್ರಿ ನಿವಾಸ,
ಬಂಗಾಲಿ ಟೋಲಾ, ವಾರಾಣಸಿ
೧೮ ಸೆಪ್ಟೆಂಬರ್ ೨೦೨೪

ಡಾಕ್ಟರ್ ವಚನಾ ಅವರಿಗೆ,

ಬಂಗಾಲಿ ಟೋಲಾದ ಯಾತ್ರಿ ನಿವಾಸದ ಒಡತಿ, ದಿವಂಗತ ಮರುಳಸಿದ್ದಯ್ಯನವರ ಪತ್ನಿ ಕಾಶಮ್ಮ ಬರೆಯುತ್ತಿರುವ ಪತ್ರವಿದು. ಹೆತ್ತವಳು ತಾನು ಯಾರೆಂದು ಮಗಳಿಗೆ ಹೇಳಿಕೊಳ್ಳುವ ಅಗತ್ಯವಿಲ್ಲ. ಆದರೆ ನೀನು ನನ್ನನ್ನು ಲೋಕಕ್ಕೆ ಏನೆಂದು ತೋರಿಸಿದೆಯೋ ಅದನ್ನು ಕಂಡ ಮೇಲೆ, ನಾನು ಯಾರೆಂಬುದನ್ನು ನನ್ನ ಕೈಯಿಂದಲೇ ಒಮ್ಮೆ ಬರೆದಿಡುವುದು ಒಳ್ಳೆಯದೆನಿಸಿತು.

ಗದಗಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆಯಲ್ಲೇ ಮದುವೆಯಾಗಿ ಈ ಊರಿಗೆ ಬಂದವಳು ನಾನು. ಭಾಷೆ ಬಾರದು, ಗಲ್ಲಿಯಲ್ಲಿ ಬಿಸಿಲು ಬೀಳದು, ಎದುರಿಗೆ ಗೂಳಿ ಬಂದರೆ ಸರಿಯಲು ಜಾಗವಿಲ್ಲ. ನಿನ್ನ ತಂದೆ ಬೆಳಿಗ್ಗೆ ಇಲ್ಲಿಯ ನಮ್ಮ ಮಠದ ಪೂಜೆಗೆ ಹೋಗಿ ಮಧ್ಯಾಹ್ನ ಬಂದು ಉಂಡು ಮಲಗುತ್ತಿದ್ದರು. ಅದೇ ಅವರ ಇಡೀ ಜೀವಮಾನ. ಸೋರುವ ಈ ಮನೆಯನ್ನು ಯಾತ್ರಿ ನಿವಾಸ ಮಾಡಿದವಳು ನಾನು. ಸ್ನಾನ ಮಾಡದವರಿಗೆ ಇಲ್ಲಿ ಚಹಾ ಇಲ್ಲ, ಪೂಜೆ ಮಾಡದವರಿಗೆ ರೊಟ್ಟಿ ಇಲ್ಲ, ಒಂದು ಸಲ ಕದ ಹಾಕಿದ ಮೇಲೆ ಮಂತ್ರಿಯೇ ಬಂದರೂ ತೆಗೆಯುವುದಿಲ್ಲ. ಕಲಬುರಗಿಯಿಂದಲೋ ಬಾಗಲಕೋಟೆಯಿಂದಲೋ ಬಂದವರು ಸ್ಟೇಷನ್ನಿನಲ್ಲಿ ಇಳಿದು ಆಟೋದವನಿಗೆ ಕಾಶಮ್ಮ ಎಂದರೆ ಸಾಕಿತ್ತು. ಮಿಕ್ಕ ಯಾತ್ರಿಕರನ್ನು ಸುಲಿಯುವ ಘಾಟಿನ ಪುರೋಹಿತರು, ಆ ಪಂಡಾಗಳು, ನನ್ನ ಮನೆಯ ಯಾತ್ರಿಕರಿಗೆ ಕೈಮುಗಿದು ದಾರಿ ಬಿಡುತ್ತಿದ್ದರು. ಆ ಹೆಸರನ್ನು ನನಗೆ ಯಾರೂ ಕೊಟ್ಟದ್ದಲ್ಲ. ನಾನು ದುಡಿದು ಸಂಪಾದಿಸಿದ್ದು.

ಅದನ್ನು ನೀನು ಒಂದು ಕಪ್ಪೆಗೆ ಇಟ್ಟೆ.

ನಿನ್ನ ಬುದ್ಧಿ ಮೊದಲಿನಿಂದಲೂ ಹಾಗೆಯೇ. ಓಣಿಯ ಮಕ್ಕಳೆಲ್ಲ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುವಾಗ ನೀನು ಯಾತ್ರಿಕರ ಕೋಣೆಗಳಲ್ಲಿ ಹಲ್ಲಿ ಹಿಡಿಯುತ್ತಿದ್ದೆ. ಯಾವ ಹಲ್ಲಿ ಯಾವ ಗೋಡೆಯದು ಎಂದು ತಿಳಿಯಲು ಅವುಗಳ ಬೆನ್ನಿಗೆ ಉಗುರುಬಣ್ಣದ ಬೊಟ್ಟು ಹಚ್ಚುತ್ತಿದ್ದೆ. ವಿಜಯಪುರದ ಗೌಡರ ಹೆಂಡತಿಯ ತಲೆಯ ಮೇಲೆ ಅಂಥದೊಂದು ಬಿದ್ದಾಗ ಆಕೆ, "ಹಲ್ಲಿಗೂ ಕುಂಕುಮ ಹಚ್ಯಾರಲ್ಲ ತಾಯಿ, ಇದೆಂಥಾ ಮನೀ!" ಎಂದು ಗಂಟುಮೂಟೆ ಕಟ್ಟಿ ಹೊರಟುಹೋದಳು. ನಾನು ನಿನ್ನ ಬೆನ್ನಿಗೆ ಎರಡು ಕೊಟ್ಟೆ. ನೀನು ಅಳಲಿಲ್ಲ. ಬಿದ್ದ ಹಲ್ಲಿಯ ಬಾಲ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದೆ.

ಹನ್ನೆರಡನೆಯ ತರಗತಿ ಮುಗಿದಾಗ ಡಾಕ್ಟರಾಗುತ್ತೀಯೆಂದು ನಂಬಿ ಇದೇ ಊರಿನ ಲಂಕಾ ಬಡಾವಣೆಯ ಕೋಚಿಂಗ್ ಸೆಂಟರಿಗೆ ಸೇರಿಸಿದೆ. ಡಾಕ್ಟರೇನೋ ಆದೆ, ಕಪ್ಪೆಗಳಿಗೆ. ಮಳೆ ಬಂದರೆ ಲೋಕದ ಮಕ್ಕಳು ಮನೆ ಸೇರುತ್ತಾರೆ, ನೀನು ಮನೆ ಬಿಡುತ್ತಿದ್ದೆ. ನೌಗಢದ ಗುಡ್ಡಗಳಲ್ಲಿ, ಅರಣ್ಯ ಇಲಾಖೆಯ ಮುರುಕು ಕೋಣೆಗಳಲ್ಲಿ, ಕೊರಳಲ್ಲಿ ಲಿಂಗ ಇರಬೇಕಾದ ಜಾಗದಲ್ಲಿ ಟಾರ್ಚು ಕಟ್ಟಿಕೊಂಡು ಕೆಸರಿನಲ್ಲಿ ಕೂರುತ್ತಿದ್ದೆ. ಕಪ್ಪೆಗಳ ಕೂಗನ್ನು ಮುದ್ರಿಸಿ ತಂದು ಊಟದ ಹೊತ್ತಿನಲ್ಲಿ ಕೇಳಿಸುತ್ತಿದ್ದೆ. ಹಾವುರಾಣಿಯೊಂದು ಕಾಲು ಕಳೆದುಕೊಂಡು ಹಾವಿನಂತಾಗಲು ಎಷ್ಟು ಲಕ್ಷ ವರ್ಷ ಬೇಕಾಯಿತೆಂದು ರೊಟ್ಟಿ ಮುರಿಯುತ್ತ ಹೇಳುತ್ತಿದ್ದೆ. ನಿನ್ನನ್ನು ನೋಡಲು ಬಂದ ಹುಬ್ಬಳ್ಳಿಯ ಬೀಗರ ಎದುರಿಗೂ ಅದನ್ನೇ ಹೇಳಿದೆ. ಅವರು ಮತ್ತೆ ಬರಲಿಲ್ಲ.

ಆದರೂ ನಾನು ತಡೆಯಲಿಲ್ಲ. ಯಾರಾದರೂ ಆಡಿಕೊಂಡರೆ, ನನ್ನ ಮಗಳು ಸೈಂಟಿಸ್ಟು, ನಿಮ್ಮ ಮಗಳಂತೆ ಬೀಗರ ಮನೆಯ ಪಾತ್ರೆ ತಿಕ್ಕುವವಳಲ್ಲ ಎಂದು ಬಾಯಿ ಮುಚ್ಚಿಸಿದೆ. ನಿನಗೆ ಡೆಹ್ರಾಡೂನಿನಲ್ಲಿ ಕೆಲಸವಾದಾಗ ಇಡೀ ಗಲ್ಲಿಗೆ ಲವಂಗಲತಾ ಸಿಹಿ ಹಂಚಿದೆ. ನಿನ್ನ ಪ್ರಯೋಗಕ್ಕೆಂದು ಮಾಳಿಗೆಯ ಮೇಲೆ ಸಿಮೆಂಟಿನ ತೊಟ್ಟಿಗಳನ್ನು ಇಡಿಸಿದೆಯಲ್ಲ, ಅವುಗಳ ಗೊದಮೊಟ್ಟೆಗಳಿಗೆ ಇಷ್ಟು ವರ್ಷ ನೀರು ಹೊತ್ತವಳು ಯಾರು? ಮಂಗಗಳು ಬಲೆ ಹರಿಯದಂತೆ ಕೋಲು ಹಿಡಿದು ಕಾದವಳು ಯಾರು? ಈ ತೊಟ್ಟಿ ತುಂಬಿರಲಿ, ಆ ತೊಟ್ಟಿಯಲ್ಲಿ ನೀರು ದಿನದಿನಕ್ಕೆ ಇಳಿಯಲಿ ಎಂದು ನೀನು ಫೋನಿನಲ್ಲಿ ಹೇಳುತ್ತಿದ್ದೆ, ನಾನು ಹಾಗೆಯೇ ಮಾಡುತ್ತಿದ್ದೆ. ನೀರು ಕಡಿಮೆಯಾದರೆ ಮರಿಗಳಿಗೆ ಬೇಗ ಕಾಲು ಬರುತ್ತವೆ, ಆದರೆ ಮೈ ಸಣ್ಣದಾಗಿಯೇ ಉಳಿಯುತ್ತದೆ ಎಂದು ನೀನು ದೊಡ್ಡ ಸಂಗತಿ ಕಂಡುಹಿಡಿದವಳಂತೆ ಹೇಳಿದೆ. ನನಗೆ ಅದು ಹೊಸತಲ್ಲ. ಎಸ್ಸೆಸ್ಸೆಲ್ಸಿಯ ನಂತರ ನನ್ನ ತೊಟ್ಟಿಯ ನೀರನ್ನೂ ಹೀಗೆಯೇ ಹೊರಗೆ ಚೆಲ್ಲಿದ್ದರು. ನಿನಗೆ ಮಾತ್ರ ನಾನು ಕಂಠಮಟ್ಟ ತುಂಬಿಸಿದೆ. ಅದರಲ್ಲಿ ಈಜಿ ಬೆಳೆದು, ನನಗೆ ಮರ್ಯಾದೆ ಮಾಡಲು ನಿನಗೆ ಸಿಕ್ಕಿದ್ದು ಒಂದು ಕಪ್ಪೆ.

ಜುಲೈ ತಿಂಗಳಲ್ಲಿ ಸುದ್ದಿ ಬಂದದ್ದು ನಿನ್ನಿಂದಲ್ಲ. ನಮ್ಮ ಕಡೆಯವಳೇ ಆದ ಎದುರು ಮನೆಯ ಜಗದಾಂಬಳಿಂದ. ನನಗೆ ಅಕ್ಕ ಅಕ್ಕ ಎನ್ನುತ್ತಲೇ ನಾನು ಜಾರಿ ಬೀಳುವುದನ್ನು ಕಾಯುತ್ತ ಮುದುಕಿಯಾದವಳು ಅವಳು. ಹಿಂದಿ ಪತ್ರಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

"ಅಕ್ಕಾರ, ನಿಮ್ಮ ಫೋಟೋ ಬಂದೈತ್ರಿ ಪೇಪರ್‌ನ್ಯಾಗ."

ನನ್ನ ಫೋಟೋ ಅಲ್ಲ, ನೀನು ಪತ್ರಿಕೆಯವರಿಗೆ ಬರೆದುಕೊಟ್ಟಂತೆ ಮಣ್ಣಿನ ಬಣ್ಣದ, ಕುಳ್ಳ ಕಾಲಿನ, ಹೊಟ್ಟೆ ಬಿಟ್ಟ ಒಂದು ಕಪ್ಪೆ. ಕಾಶಿಯ ಮಗಳು ಹೊಸ ಕಪ್ಪೆ ಹುಡುಕಿದಳು, ತಾಯಿಯ ಹೆಸರಿಟ್ಟಳು ಎಂದು ಮೇಲೆ ದಪ್ಪ ಅಕ್ಷರ. ಕೆಳಗೆ ನಿನ್ನ ಮಾತು: ಇದು ವರ್ಷದ ಬಹುಪಾಲು ಕಲ್ಲಿನಂಥ ನೆಲದೊಳಗೆ ಉಸಿರು ಬಿಗಿಹಿಡಿದು ಕೂತಿರುತ್ತದೆ, ಏನೇ ಆದರೂ ಜಾಗ ಬಿಡುವುದಿಲ್ಲ, ನನ್ನ ಅಮ್ಮನೂ ಹಾಗೆಯೇ.

ಜಗದಾಂಬ ಕನ್ನಡಕ ಏರಿಸಿ, "ಮಾರಿ ಅಷ್ಟು ಹೋಲಂಗಿಲ್ರಿ. ಆದ್ರ ಕೂಡೋ ಗತ್ತು ಐತಿ ನೋಡ್ರಿ, ಅದು ನಿಮ್ಮದ," ಎಂದಳು.

ನಾನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಚಹಾ ಕುಡಿದು ಹೋಗು ಎಂದೆ. ಅವಳು ಚಹಾ ಕುಡಿಯದೆ ಓಡಿದಳು. ಇನ್ನೂ ನಾಲ್ಕು ಮನೆಗೆ ತೋರಿಸುವುದಿತ್ತಲ್ಲ. ಸಂಜೆಯ ಹೊತ್ತಿಗೆ ತರಕಾರಿ ಗಾಡಿಯವನು, "ಅಮ್ಮಾಜೀ, ಸುನಾ ಹೈ ಆಪ್ ಮೇಂಢಕ್ ಹೋ ಗಯೀಂ?" ಎಂದು ಹಲ್ಲು ಕಿರಿದ. ನಾನು ಕಪ್ಪೆಯಾದೆನಂತೆ. ಅವನ ತಕ್ಕಡಿಯನ್ನು ನಾನು ಯಾವತ್ತೂ ನಂಬಿರಲಿಲ್ಲ, ಅಂದಿನಿಂದ ಅವನನ್ನು ಗಲ್ಲಿಗೇ ಬಿಟ್ಟುಕೊಳ್ಳಲಿಲ್ಲ. ಆದರೆ ಮಕ್ಕಳನ್ನು ಏನು ಮಾಡುವುದು? ನಾನು ಘಾಟಿಗೆ ಇಳಿಯುವಾಗ ಹಿಂದಿನಿಂದ ಟರ್ ಟರ್ ಎಂದು ಕೂಗಿ ಬಾಗಿಲ ಹಿಂದೆ ಅಡಗುತ್ತಿದ್ದವು. ನನ್ನ ಹೆಜ್ಜೆಯ ಸದ್ದು ಕೇಳಿದರೆ ಮೈ ಸರಿಪಡಿಸಿಕೊಂಡು ನಿಲ್ಲುತ್ತಿದ್ದ ಮಕ್ಕಳು ಅವು.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನಗುವವರ ಹಲ್ಲು ಒಂದಲ್ಲ ಒಂದು ದಿನ ಉದುರುತ್ತದೆ. ಆಗಸ್ಟಿನಲ್ಲಿ ಆದದ್ದನ್ನು ನಿನಗೆ ಫೋನಿನಲ್ಲಿ ಹೇಳಿರಲಿಲ್ಲ. ಈಗ ಓದು.

ಕೇದಾರ ಘಾಟಿನ ಮೇಲೆ ನಮ್ಮ ಯಾತ್ರಿಕರ ಸೇವಾ ಸಂಘ ಕಟ್ಟಿಸುತ್ತಿದ್ದ ದಾಸೋಹ ಭವನ ನಿನಗೆ ಗೊತ್ತು. ತಗಡಿನ ಚಪ್ಪರದಡಿ ಹೊಗೆ ಕುಡಿದು ಆ ದಾಸೋಹವನ್ನು ನಡೆಸಿಕೊಂಡು ಬಂದವಳು ನಾನು. ಹೊಸ ಕಟ್ಟಡದ ಬಾಗಿಲ ಮೇಲೆ 'ಕಾಶಮ್ಮ ದಾಸೋಹ ಭವನ' ಎಂದು ಕೊರೆಸುವುದೆಂದು ಕಳೆದ ವರ್ಷವೇ ಎಲ್ಲರೂ ಕೈಯೆತ್ತಿ ಒಪ್ಪಿದ್ದರು. ಕಲ್ಲು ಬಂದು ಗೋಡೆಗೆ ಒರಗಿತ್ತು. ಅಕ್ಷರ ಬರೆಸುವ ಮೊದಲು ಸಂಘದ ಅಧ್ಯಕ್ಷ ಅನ್ನದಾನಯ್ಯ ಸಭೆ ಕರೆದ. ನಾನೂ ಹೋಗಿದ್ದೆ. ಅನ್ನದಾನಯ್ಯನೇ ಮಾತು ತೆಗೆದ.

"ಕಾಶಮ್ಮಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಹೆಸರು ದೊಡ್ಡದೈತಿ. ಆದ್ರ ಈಗ ಅದಕ್ಕ ನಾಲ್ಕು ಕಾಲು ಬಂದಾವ. ಊರಿಂದ ಬಂದ ಮಂದಿ ಬಾಗಿಲ ಮ್ಯಾಲಿಂದು ಓದಿ, ಒಳಗ ಏನು ಬಡಸ್ತಾರೋ ಅಂತ ಹಿಂದ ಸರದ್ರ?"

ಯಾರೋ ಕೆಮ್ಮಿದಂತೆ ಮಾಡಿ ನಕ್ಕರು. ಇನ್ನೊಬ್ಬರು ಕೆಮ್ಮದೆಯೇ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನನ್ನ ಕೈಯಿಂದ ಉಂಡು ಬೆಳೆದ ಹೊಟ್ಟೆಗಳು ಅಷ್ಟೂ ಕುಣಿದವು. ಕಲ್ಲು ದಂಡವಾಗಬಾರದಲ್ಲ, ಅದರ ಮೇಲೆ 'ಮರುಳಸಿದ್ದಯ್ಯ ದಾಸೋಹ ಭವನ' ಎಂದು ಬರೆಸಿದರು. ತಾನು ಉಂಡ ತಟ್ಟೆಯನ್ನು ಕೂಡ ಒಮ್ಮೆಯೂ ತೊಳೆಯದ ನಿನ್ನ ತಂದೆಯ ಹೆಸರು ಈಗ ಅಡುಗೆಮನೆಯ ಬಾಗಿಲ ಮೇಲಿದೆ. ಉದ್ಘಾಟನೆಯ ದಿನ ನಾನು ಮೊದಲನೆಯ ಸಾಲಿನಲ್ಲಿ ಕುಳಿತೆ. ಮೈಕಿನಲ್ಲಿ ನನ್ನನ್ನು 'ಅವರ ಧರ್ಮಪತ್ನಿ' ಎಂದು ಕರೆದು ಹಾರ ಹಾಕಿದರು. ಹೆಸರು ಹೇಳಿದರೆ ಜನ ನಗುತ್ತಾರೆಂದು ಹೇಳಲಿಲ್ಲ. ನಾನು ಹಾರ ಹಾಕಿಸಿಕೊಂಡೆ, ಕೈಮುಗಿದೆ, ಬಂದವರಿಗೆಲ್ಲ ಹೋಳಿಗೆ ಬಡಿಸಿದೆ. ತಲೆ ತಗ್ಗಿಸಲಿಲ್ಲ.

ಮರುದಿನ ನಿನಗೆ ಫೋನ್ ಮಾಡಿ ಆ ಹೆಸರು ತೆಗೆದುಹಾಕು ಎಂದೆ. ಕಾರಣ ಹೇಳಲಿಲ್ಲ. ನಿನ್ನಲ್ಲಿ ಕನಿಕರ ಬೇಡುವ ಗತಿ ನನಗೆ ಬಂದಿಲ್ಲ. ನೀನು ನಕ್ಕೆ. "ಹಾಗೆ ತೆಗೆಯೋಕೆ ಬರೋದಿಲ್ಲಮ್ಮ, ರೂಲ್ ಇಲ್ಲ," ಎಂದೆ. ನಾನು ಮತ್ತೆ ಹೇಳಿದೆ. ಆಗ ನೀನು ಫೋನಿನಿಂದ ಬಾಯಿ ಸರಿಸಿ ಪಕ್ಕದಲ್ಲಿದ್ದ ಯಾರಿಗೋ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಮಾ ನಹೀಂ ಸಮಝೇಂಗೀ." ಅಮ್ಮನಿಗೆ ಅರ್ಥವಾಗುವುದಿಲ್ಲ. ನಿನಗೆ ಕನ್ನಡ ಕಲಿಸಿದವಳು ನಾನು, ವಚನಾ. ನನ್ನನ್ನು ಹೀನಾಯ ಮಾಡುವುದನ್ನಾದರೂ ಕನ್ನಡದಲ್ಲಿ ಮಾಡಬಹುದಿತ್ತು.

ಅರ್ಥವಾಗುವುದಿಲ್ಲ ಎಂದೆಯಲ್ಲ, ಅದಕ್ಕೇ ಅರ್ಥ ಮಾಡಿಕೊಳ್ಳಲು ಹೊರಟೆ. ನಿನಗೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಪದ್ಮನಾಭ ಅವರಿಗೆ ಹೇಳಿಕಳಿಸಿದೆ. ಅವರು ಮೈಸೂರಿನವರು, ಸಭ್ಯರು. ಲಂಕಾದಿಂದ ಈ ಗಲ್ಲಿಯವರೆಗೆ ಬೆವರು ಸುರಿಸುತ್ತ ಬಂದರು. ನೀನು ಬರೆದ ಇಂಗ್ಲಿಷ್ ಲೇಖನ ಅವರ ಚೀಲದಲ್ಲಿತ್ತು. ಹೆಸರು ಏಕೆ ಇಟ್ಟೆ ಎಂದು ಬರೆದ ಭಾಗವನ್ನು ಕನ್ನಡ ಮಾಡಿ ಓದಿದರು. ಕಠಿಣ ನೆಲದಲ್ಲಿ ತಾನೂ ಬದುಕಿ ಇತರರನ್ನೂ ಬದುಕಿಸಿದ, ಲೇಖಕಿಗೆ ಮೊದಲ ಹಲ್ಲಿಯನ್ನು ಹಿಡಿಯಲು ಬಿಟ್ಟ ತಾಯಿಯ ಗೌರವಕ್ಕಾಗಿ ಎಂದು ಬರೆದಿದ್ದೀಯಂತೆ. ಎರಡನೆಯ ಸಲವೂ ಓದಿಸಿದೆ. ನನಗೆ ಈಚೆಗೆ ಕಿವಿ ಮಂದ.

"ನೋಡಿ ಅಮ್ಮಾ, ನನಗೆ ನಲವತ್ತು ವರ್ಷ ಸರ್ವೀಸಾಯ್ತು. ನನ್ನ ಹೆಸರಲ್ಲಿ ಒಂದು ಸೊಳ್ಳೆನೂ ಇಲ್ಲ," ಎಂದು ಅವರು ನಕ್ಕರು. ನಾನು ನಗದಿದ್ದನ್ನು ಕಂಡು ಲೇಖನವನ್ನು ಮಡಿಸಿದರು.

ಅವರಿಗೆ ಮಜ್ಜಿಗೆ ಕೊಟ್ಟು ನಾನು ಎರಡೇ ಪ್ರಶ್ನೆ ಕೇಳಿದೆ. ಇಂಥ ಹೆಸರು ಇಡುವ ಕ್ರಮ ಹೇಗೆ ಎಂಬುದು ಮೊದಲನೆಯದು. ಅವರು ಹೇಳಿದರು:

"ಸಿಕ್ಕಿದ್ರಲ್ಲಿ ಒಂದನ್ನ ಮಾದರಿ ಅಂತ ತೆಗೆದಿಡಬೇಕಾಗುತ್ತಮ್ಮ. ಹೆಸರು ನಿಲ್ಲೋದೇ ಆ ಒಂದರ ಮೇಲೆ."

"ತೆಗೆದಿಡೋದು ಅಂದ್ರ?"

ಅವರು ಕನ್ನಡಕ ಒರೆಸಿಕೊಂಡರು. "ಔಷಧಿ ಕೊಟ್ಟು, ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಇಡೋದು. ಅದಕ್ಕೆ ನೋವಾಗೋದಿಲ್ಲ."

"ಕೊಂದು ಅನ್ರಿ."

"ಹೂಂ," ಎಂದರು.

ನನ್ನ ಹೆಸರಿನ ಮೊದಲ ಕಪ್ಪೆಯನ್ನು, ಮೊಟ್ಟೆ ತುಂಬಿದ ಹೆಣ್ಣಂತೆ ಅದು, ನಿನ್ನ ಕೈಯಿಂದಲೇ ಕೊಂದು ಡೆಹ್ರಾಡೂನಿನ ಕಪಾಟಿನಲ್ಲಿ ಇಟ್ಟಿದ್ದೀಯ. ಕಾಲಿಗೆ ಚೀಟಿ ಕಟ್ಟಿದ್ದೀಯ. ಗೌರವ ಎಂದರೆ ನಿಮ್ಮಲ್ಲಿ ಹೀಗಿರುತ್ತದೆ.

ಆ ಹೆಸರನ್ನು ತೆಗೆಯಲು ಸಾಧ್ಯವೇ ಎಂಬುದು ನನ್ನ ಎರಡನೆಯ ಪ್ರಶ್ನೆ. ಪದ್ಮನಾಭ ಅವರು ತಲೆಯಾಡಿಸಿದರು. "ಇಟ್ಟವರೇ ಬಂದು ಬೇಡ ಅಂದ್ರೂ ಆಗಲ್ಲಮ್ಮ. ನಾವೆಲ್ಲ ಹೋದ ಮೇಲೂ ಅದು ಇದ್ದೇ ಇರುತ್ತೆ. ಅದೇ ಅಲ್ವೇ ಅದರ ಹೆಚ್ಚುಗಾರಿಕೆ?" ನೀನು ಸುಳ್ಳು ಹೇಳಿರಲಿಲ್ಲ ಎಂದು ತಿಳಿಯಿತು. ನಿನ್ನ ಕೆಲಸದ ರೀತಿ ನನಗೆ ಪೂರ್ತಿ ಅರ್ಥವಾಯಿತು. ಅವರನ್ನು ಗಲ್ಲಿಯ ತುದಿಯವರೆಗೆ ಕಳಿಸಿ ಬಂದೆ.

ಆಗಲೂ ನಾನು ಏನೂ ಮಾಡಿರಲಿಲ್ಲ. ಮಾಡುವಂತೆ ಮಾಡಿದ್ದು ಈ ತಿಂಗಳ ಮೊದಲಲ್ಲಿ ಬಂದ ನಿನ್ನ ಪತ್ರ. ನವೆಂಬರಿನಲ್ಲಿ ಹೊರದೇಶದ ಇಬ್ಬರು ವಿಜ್ಞಾನಿಗಳನ್ನು ಕರೆದುಕೊಂಡು ಬರುತ್ತೇನೆ, ಅವರು ಕಪ್ಪೆಯನ್ನು ನೋಡಿಯಾಗಿದೆ, ಈಗ ಕಾಶಮ್ಮನನ್ನು ನೋಡಬೇಕಂತೆ, ಇಳಕಲ್ ಸೀರೆ ಉಟ್ಟುಕೊಂಡಿರು, ತೊಟ್ಟಿಗಳ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತೇವೆ ಎಂದು ಬರೆದಿದ್ದೆ. ದೊಡ್ಡ ಉಪಕಾರ ಮಾಡುವ ಸಂಭ್ರಮ ಸಾಲು ಸಾಲಿನಲ್ಲೂ ಇತ್ತು. ಬಾಟಲಿಯಲ್ಲಿ ಇರುವುದನ್ನು ತೋರಿಸಿ ಮುಗಿಯಿತು, ಇನ್ನು ಸೀರೆ ಉಟ್ಟಿರುವುದನ್ನು ತೋರಿಸಬೇಕು. ನಿನ್ನ ಜೊತೆಗಾರರ ಮುಂದೆ ನಾನು ಯಾವ ಭಂಗಿಯಲ್ಲಿ ಕೂರಬೇಕೆಂದೂ ಬರೆದುಬಿಡಬೇಕಿತ್ತು.

ಪತ್ರ ಓದಿ ಮಡಿಸಿಟ್ಟು ಮಾಳಿಗೆಗೆ ಹೋದೆ. ತೊಟ್ಟಿಗಳಲ್ಲಿ ಈ ಸಲದ ಎರಡನೆಯ ಪೀಳಿಗೆಯ ಮರಿಗಳಿದ್ದವು. ಕೆಲವಕ್ಕೆ ಹಿಂಗಾಲು ಬಂದಿದ್ದವು, ಬಾಲ ಇನ್ನೂ ಹೋಗಿರಲಿಲ್ಲ. ಇದೇ ಪೀಳಿಗೆಯ ಮೇಲೆ ನಿನ್ನ ಮುಂದಿನ ಲೇಖನ ನಿಂತಿದೆ, ಒಂದು ತೊಟ್ಟಿ ಕೆಟ್ಟರೂ ಮೊದಲಿನಿಂದ ಶುರುಮಾಡಬೇಕು ಎಂದು ನೀನೇ ಹೇಳಿದ್ದೆ. ಅದು ನನ್ನ ನೆನಪಿನಲ್ಲಿತ್ತು. ಒಂದೊಂದೇ ತೊಟ್ಟಿಯನ್ನು ಮೋರಿಯ ಕಡೆಗೆ ವಾಲಿಸಿದೆ. ಬಹಳ ಹೊತ್ತು ಹಿಡಿಯಲಿಲ್ಲ. ಮೋರಿಗೆ ಜಾರದೆ ಉಳಿದವನ್ನು ಕಾಗೆಗಳು ತಿಂದವು. ನಾನು ಕೋಲು ಎತ್ತಲಿಲ್ಲ. ನಿನಗೆ ಇದು ಪದ್ಮನಾಭ ಅವರಿಂದ ತಿಳಿಯುವುದಕ್ಕಿಂತ ನನ್ನಿಂದ ತಿಳಿಯಲಿ. ಕೈ ತಪ್ಪಿ ಆದದ್ದಲ್ಲ, ಮಂಗಗಳು ಮಾಡಿದ್ದೂ ಅಲ್ಲ.

ಅದರಿಂದ ನನ್ನ ಮನಸ್ಸು ತಣಿಯಲಿಲ್ಲ. ಮರಿಗಳು ನಿನಗೆ ಮತ್ತೆ ಸಿಗುತ್ತವೆ. ಮಳೆ ಪ್ರತಿ ವರ್ಷ ಬರುತ್ತದೆ. ನನ್ನ ಹೆಸರು ನನಗೆ ಮತ್ತೆ ಸಿಗುವುದಿಲ್ಲ. ಸರಿಸಮ ಎಂದರೆ ಅದಲ್ಲ.

ನಿನ್ನೆ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ನೀನು ಹೇಳಿದ ಅದೇ ಇಳಕಲ್ ಸೀರೆ ಉಟ್ಟು ಮಠಕ್ಕೆ ಹೋದೆ. ಗಂಗೆ ಏರಿದ್ದರಿಂದ ಘಾಟಿನ ದಾರಿ ಮುಳುಗಿದೆ, ಗಲ್ಲಿಗಳನ್ನು ಬಳಸಿ ಹೋದೆ. ಈ ಊರಿಗೆ ಜನ ಪಿಂಡ ಇಡಲು ಬರುತ್ತಾರೆ. ನಮ್ಮಲ್ಲಿ ಸತ್ತವರನ್ನು ಮಣ್ಣಿನಲ್ಲಿ ಕೂರಿಸುತ್ತೇವೆ, ಪಿಂಡವಿಲ್ಲ. ಅದರ ಬದಲು ಹೋದವರ ಹೆಸರಿನಲ್ಲಿ ಮಠಕ್ಕೆ ಒಂದು ಕಲ್ಲಿನ ಲಿಂಗವನ್ನು ಅರ್ಪಿಸುತ್ತೇವೆ. ಒಮ್ಮೆ ಅದು ಅಲ್ಲಿನ ಸಾವಿರಾರು ಲಿಂಗಗಳ ಸಾಲಿಗೆ ಸೇರಿತೆಂದರೆ ಕೊಟ್ಟವರೇ ಬಂದು ಕೇಳಿದರೂ ಹೊರಗೆ ತೆಗೆಯುವುದಿಲ್ಲ. ಹೆಸರು ತೆಗೆಯಬಾರದೆಂಬ ನಿಯಮ ನಿಮ್ಮ ಶಾಸ್ತ್ರದಲ್ಲಿ ಮಾತ್ರ ಇರುವುದಲ್ಲ.

ಲಿಂಗದ ಅರ್ಪಣೆ ನೋಡಿಕೊಳ್ಳುವ ನಾಗಲಿಂಗ ನಿನಗೆ ನೆನಪಿರಬೇಕು. ನೀನು ಸಣ್ಣವಳಿದ್ದಾಗ ಮಠದ ಬಾವಿಯಿಂದ ಆಮೆ ಎತ್ತಿ ತೋರಿಸುತ್ತಿದ್ದ. ಈಗ ಬೆನ್ನು ಬಾಗಿದೆ. ನನ್ನನ್ನು ಕಂಡವನೇ ಚಾಪೆ ಹಾಸಿ, "ಯಾರ ಹೆಸರಿನಾಗ ಅಮ್ಮಾರ? ಊರಾಗ ಯಾರರ ಹೋದರೇನು?" ಎಂದ.

"ವಚನಾ," ಎಂದೆ.

ಯಾವ ವಚನಾ ಎಂದು ಕೇಳಲಿಲ್ಲ. "ಮೊನ್ನೆ ಹಬ್ಬಕ್ಕ ನನಗ ಫೋನ್ ಮಾಡಿತ್ತಲ್ರೀ ಆ ಕೂಸು," ಎಂದ. ನಾನು ಲಿಂಗದ ಹಣ ಎಣಿಸಿ ಅವನ ಮುಂದಿಟ್ಟೆ.

"ಜೀವಂತ ಇದ್ದವರ ಹೆಸರಿನಾಗ ಹಿಂಗ ಕೊಡಾಕ ಬರಂಗಿಲ್ರೀ ತಾಯಿ."

"ಬರಂಗಿಲ್ಲ ಅಂತ ನನಗೂ ಗೊತ್ತೈತಿ. ಅದಕ್ಕ ಬಂದೇನಿ."

ಅವನು ಕೈಮುಗಿದ. ಸಿಟ್ಟು ಇಳಿಯಲಿ, ದೀಪಾವಳಿ ಆಗಲಿ, ಒಮ್ಮೆ ಕೂಸನ್ನು ಕರೆಸಿ ಬೈಯೋಣ, ಬೇಕಾದರೆ ನಾನೇ ಬೈತೇನಿ ಎಂದ. ಮುದುಕ ಬಹಳ ಹೇಳಿದ. ನಾನು ಕುಳಿತ ಚಾಪೆಯಿಂದ ಏಳಲಿಲ್ಲ.

"ಇದ್ದಾಳ ಅಂತ ಹೇಳಾಕ ನೀ ಯಾರು, ನಾಗಲಿಂಗ? ಹೆತ್ತಾಕಿ ನಾನು. ಹೆತ್ತಾಕಿ ಇಲ್ಲ ಅನ್ನಾಕತ್ತೇನಿ. ಬರಿ."

ಈ ಮಠದ ಅಂಗಳದಲ್ಲಿ ನನ್ನ ಮಾತು ಮೀರಿದವರು ಇಲ್ಲ. ಕಪ್ಪೆಯಾದ ಮೇಲೂ ಅಷ್ಟು ಉಳಿದಿದೆ ಎಂಬುದು ನಿನ್ನೆ ಖಾತ್ರಿಯಾಯಿತು. ಅವನು ಬರೆದ. ತಂದೆಯ ಹೆಸರು, ಗೋತ್ರ ಎಲ್ಲ ಸರಿಯಾಗಿ ಹೇಳಿದೆ. ಹೋದ ದಿನ ಯಾವುದೆಂದು ಕೇಳಿದಾಗ ಆ ಪತ್ರಿಕೆ ಬಂದ ದಿನವನ್ನು ಹೇಳಿದೆ. ಲಿಂಗವನ್ನು ನಾನೇ ಆರಿಸಿದೆ. ದೊಡ್ಡದಲ್ಲ, ಅಂಗೈಯಲ್ಲಿ ಹಿಡಿಯುವಂಥದು. ನೀರೆರೆದೆ, ವಿಭೂತಿ ಹಚ್ಚಿದೆ, ಪತ್ರಿ ಏರಿಸಿದೆ. ಪೀಠದ ಮೇಲೆ ನಿನ್ನ ಹೆಸರನ್ನು ನನ್ನ ಎದುರಿಗೇ ಕೊರೆಸಿದೆ. ನಾಗಲಿಂಗ ಅತ್ತ. ನಾನು ಅಳಲಿಲ್ಲ. ಅವನು ಮುಟ್ಟಲು ಒಪ್ಪದ್ದರಿಂದ ಲಿಂಗವನ್ನು ಒಳಗೆ ಒಯ್ದು ಸಾಲಿನಲ್ಲಿ ಇಟ್ಟವಳೂ ನಾನೇ.

ಮನೆಗೆ ಬಂದು ಮತ್ತೆ ಸ್ನಾನ ಮಾಡಿದೆ. ಯಾತ್ರಿಕರಿಗೆ ಅಡುಗೆಯಾಗಲಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಬಾಗಿಲಲ್ಲಿ ನಿಂತು ಹೇಳಿ ಕಳಿಸಿದೆ. ಸಂಜೆ ಜಗದಾಂಬ ಬಂದಳು. ನಾಗಲಿಂಗ ಹೇಳಿರಬೇಕು. ಈ ಸಲ ಅವಳ ಸೆರಗಿನಲ್ಲಿ ಏನೂ ಇರಲಿಲ್ಲ. "ಅಕ್ಕಾ, ಎಂಥಾ ಕೆಲಸ ಮಾಡಿದ್ರಿ," ಎಂದು ಹೊಸ್ತಿಲ ಹೊರಗೇ ನಿಂತಳು, ಒಳಗೆ ಬರಲು ಹೆದರಿದಳು. ಇಂದು ಬೆಳಿಗ್ಗೆ ನಾನು ಗಲ್ಲಿಯಲ್ಲಿ ನಡೆದುಹೋದಾಗ ಒಂದು ಮಗುವೂ ಕೂಗಲಿಲ್ಲ.

ಆದ್ದರಿಂದ ನವೆಂಬರಿನಲ್ಲಿ ಬರುವ ತೊಂದರೆ ತೆಗೆದುಕೊಳ್ಳಬೇಡ. ನಿನ್ನ ವಿಜ್ಞಾನಿಗಳಿಗೆ ಇಲ್ಲಿ ನೋಡುವುದೇನೂ ಉಳಿದಿಲ್ಲ. ತೊಟ್ಟಿಗಳು ಬರಿದಾಗಿವೆ. ನಿನ್ನ ಕೋಣೆಯನ್ನು ಯಾತ್ರಿಕರಿಗೆ ಕೊಟ್ಟಿದ್ದೇನೆ. ಬಂದರೂ ಕದ ತೆಗೆಯಬೇಕಾದವಳು ನಾನೇ, ಮತ್ತು ನನಗಿದ್ದ ಒಬ್ಬಳೇ ಮಗಳ ಲಿಂಗಾರ್ಪಣೆ ನಿನ್ನೆ ಮುಗಿದಿದೆ.

ಇತಿ,
ಕಾಶಮ್ಮ

ತಾ.ಕ.: ಮಾಳಿಗೆಯ ಮೂಲೆಯಲ್ಲಿ ನೀನು ಇಟ್ಟಿದ್ದ ಮಣ್ಣಿನ ದೊಡ್ಡ ಕುಂಡವನ್ನು ಮಾತ್ರ ಬರಿದು ಮಾಡಿಲ್ಲ. ಅದು ಭಾರ, ನನ್ನ ಸೊಂಟ ಕೇಳಲಿಲ್ಲ. ಅದರಲ್ಲಿದ್ದ ದೊಡ್ಡ ಹೆಣ್ಣು ಕಪ್ಪೆ ಕಳೆದ ವಾರ ಹಿಂದುಹಿಂದಕ್ಕೆ ಅಗೆದುಕೊಂಡು ಒಳಗೆ ಇಳಿದಿದೆ, ಮೇಲೆ ಗುರುತೂ ಕಾಣುವುದಿಲ್ಲ. ಮುಂದಿನ ಮಳೆಯವರೆಗೆ ಮಣ್ಣನ್ನು ಹಾಗೆಯೇ ಒಣಗಲು ಬಿಡಬೇಕೋ, ಆಗಾಗ ನೀರು ಚಿಮುಕಿಸಬೇಕೋ? ಪದ್ಮನಾಭ ಅವರಿಗೆ ಖಚಿತವಾಗಿ ತಿಳಿಯದಂತೆ. ಉತ್ತರವನ್ನು ಅವರಿಗೆ ಬರೆ. ಬೇಗ ಬರೆ. ನನಗೆ ಬರೆಯಬೇಡ.